ಅಹವಾಲಿನ ಸಾಲಿನಲ್ಲಿ ಅಕ್ಕ ತಮ್ಮ

ಚಾರ್ಲ್ಸ್‌ಟನ್ನಿನ ಶಾಸನಸಭೆಯ ಹೊರಗೆ ಸಾಲಿನಲ್ಲಿ ನನ್ನ ಮುಂದೆ ಅಕ್ಕ ತಮ್ಮ ನಿಂತಿದ್ದರು. ಮಾದಕ ವ್ಯಸನದ ಚಿಕಿತ್ಸೆಯ ಖರ್ಚನ್ನೂ ವಿಮೆಯೇ ಭರಿಸಬೇಕೆಂಬ ಕಾನೂನು ಮುಂದುವರಿಯಬೇಕೋ ಬೇಡವೋ ಎಂದು ಅಂದು ಶಾಸಕರು ಜನರ ಅಹವಾಲು ಕೇಳುವವರಿದ್ದರು.

"ಬೇಡ ಅಂತಾನೇ ಹೇಳ್ತೀಯೇನೋ, ವೆಂಡೆಲ್?"

"ಹೂಂ ಅಕ್ಕ. ನಮ್ಮಂಥ ಮೇಷ್ಟ್ರುಗಳ ವಿಮೆ ಕಂತು ಕಟ್ಟೋದು ಸರ್ಕಾರ. ಈ ಚಿಕಿತ್ಸೆ ಖರ್ಚಿಂದ ಕಂತು ಹೀಗೇ ಏರಿದ್ರೆ, ದುಡ್ಡಿಲ್ಲ ಅಂತ ಶಾಲೆ ಮುಚ್ತಾರೆ."

"ಚಿಕಿತ್ಸೆ ಅರ್ಧಕ್ಕೆ ನಿಂತ್ರೆ ನನ್ನ ಮಗ ಉಳಿಯಲ್ಲ ಕಣೋ."

"ಹಾಗನ್ಬೇಡ."

"ಬಚ್ಚಲಲ್ಲಿ ನೀಲಿಗಟ್ಟಿ ಬಿದ್ದಿದ್ದೋನನ್ನ ಎತ್ತಿದ್ದು ನೀನೇ ಅಲ್ವಾ?"

"ಈಗಲೂ ನಿದ್ದೇಲಿ ಬೆಚ್ಚಿ ಏಳ್ತೀನಿ. ಆದ್ರೆ ಶಾಲೆ ಮುಚ್ಚಿದ್ರೆ ಆ ಮಕ್ಕಳು ಎಲ್ಲಿಗೆ ಹೋಗ್ಬೇಕು?"

ಅಕ್ಕ ಬಾಗಿಲ ಕಡೆಗೆ ತಿರುಗಿದಳು.

ಬಾಗಿಲು ತೆರೆಯಿತು.

"ನಾನು ಮಾತಾಡೋವಾಗ ಎದುರಿಗೆ ಕೂರ್ಬೇಡ, ಅಕ್ಕ," ಎಂದ ವೆಂಡೆಲ್.

"ಎದುರಿಗೇ ಕೂರ್ತೀನಿ," ಎಂದು ಅವಳು ಅವನಿಗಿಂತ ಮೊದಲೇ ಒಳಗೆ ಹೋದಳು.