ಹಿಟ್ಟಿನ ಗಿರಣಿ ಪಕ್ಕದ ಮನೆ

ಹೆಸರು ಭುವನೇಶ್ವರಿ, ಗಂಡನ ಹೆಸರು ಚನ್ನವೀರೇಶ್, ವಯಸ್ಸು 43 ವರ್ಷ, ಕನ್ನಡಕದ ಅಂಗಡಿಯಲ್ಲಿ ಕೆಲಸ, ವಾಸ: ಮೊದಲನೇ ಮಹಡಿ, 5ನೇ ಅಡ್ಡರಸ್ತೆ, ಗೋವಿಂದರಾಜನಗರ, ಬೆಂಗಳೂರು. ಸ್ವಂತ ಊರು ದಾವಣಗೆರೆ.

ನಿನ್ನೆ ಕಾಣೆಯಾಗಿದ್ದ ನನ್ನ ಮಗಳು ಸಿಕ್ಕಿರುವ ಬಗ್ಗೆ ಈ ದಿನ ಠಾಣೆಗೆ ಬಂದು ಕೊಡುತ್ತಿರುವ ಮರುಹೇಳಿಕೆ ಏನೆಂದರೆ,

ನಾನು ಮೇಲ್ಕಂಡ ವಿಳಾಸದಲ್ಲಿ ಗಂಡ ಮತ್ತು ಮಗಳ ಜೊತೆ ವಾಸವಾಗಿದ್ದೇನೆ. ನನ್ನ ಗಂಡ ಔಷಧಿ ಕಂಪನಿಯ ಕೆಲಸದ ಮೇಲೆ ಊರೂರು ತಿರುಗುವವರು. ನಿನ್ನೆ ಹಾಸನದಲ್ಲಿದ್ದರು. ನಮಗೆ ವಚನಾ ಒಬ್ಬಳೇ ಮಗಳು, 17 ವರ್ಷ, ವಿಜಯನಗರದ ಕಾಲೇಜೊಂದರಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಅವಳದು ಮಾತು ಕಡಿಮೆ. ಮನೆಗೆ ಯಾರಾದರೂ ಬಂದರೆ ಚಹಾ ಕೊಟ್ಟು ರೂಮಿಗೆ ಹೋಗಿಬಿಡುತ್ತಾಳೆ.

ಸುಮಾರು ಒಂದೂವರೆ ವರ್ಷದ ಹಿಂದೆ, ಮೊಬೈಲಿನಲ್ಲಿ ಫೋಟೋ, ವಿಡಿಯೊ ಹಾಕುವ ಆ್ಯಪ್ ಒಂದರಲ್ಲಿ ಅವಳಿಗೆ ಕುಸುಮಾ ಎಂಬ ಹುಡುಗಿಯ ಪರಿಚಯವಾಗಿತ್ತು. ಆ ಖಾತೆಯಲ್ಲಿ ಬರೀ ರಂಗೋಲಿಯ ವಿಡಿಯೊಗಳಿದ್ದವು. ಬಳೆ ಹಾಕಿದ ಎರಡು ಕೈ ಬಿಟ್ಟರೆ ಮುಖ ಎಲ್ಲೂ ಕಾಣುತ್ತಿರಲಿಲ್ಲ. ಹುಡುಗಿಯ ಹೆಸರಿನಲ್ಲಿ ಯಾವನೋ ಗಂಡಸು ಇರಬಹುದು ಎಂದು ನಾನು ಮಗಳಿಗೆ ಎಷ್ಟೋ ಸಲ ಹೇಳಿದ್ದೆ. ಅವಳು ಒಮ್ಮೆ, 'ಅಮ್ಮ, ರಂಗೋಲಿ ಹಾಕಿ ಹಾಕಿ ಅವಳ ಬೆರಳು ಹೆಂಗಾಗಿದೆ ನೋಡು. ಯಾವ ಗಂಡಸು ಅಷ್ಟು ಕಷ್ಟ ಪಡ್ತಾನೆ' ಎಂದಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಭೇಟಿಯಾಗಿರಲಿಲ್ಲ.

ನಿನ್ನೆ ದಿನಾಂಕ 18-11-2025ರ ಮಂಗಳವಾರ ಬೆಳಿಗ್ಗೆ ವಚನಾ ತಿಂಡಿ ತಿನ್ನದೆ, ಕ್ಯಾಂಟೀನಿನಲ್ಲಿ ತಿನ್ನುತ್ತೇನೆಂದು ಹೇಳಿ ಕಾಲೇಜಿಗೆ ಹೋದಳು. ನಾನು ಅಂಗಡಿಯಲ್ಲಿದ್ದಾಗ 11-20ಕ್ಕೆ ಕಾಲೇಜಿನಿಂದ ಫೋನ್ ಬಂತು. ನಿಮ್ಮ ಮಗಳು ಹೊಟ್ಟೆನೋವೆಂದು ಹೇಳಿ ಹೋಗಿದ್ದಾಳೆ, ಮನೆ ಸೇರಿದಳೇ ಎಂದು ವಿಚಾರಿಸಿದರು. ಅವಳ ಮೊಬೈಲಿಗೆ ಫೋನ್ ಮಾಡಿದರೆ ಸ್ವಿಚ್ ಆಫ್ ಆಗಿತ್ತು. ಮನೆಗೆ ಹೋಗಿ ನೋಡಿದೆ, ಬೀಗ ಹಾಕಿದಂತೆಯೇ ಇತ್ತು. ಅಲ್ಲಿಂದ ಕಾಲೇಜಿಗೆ ಹೋದೆ. ಪಕ್ಕದಲ್ಲಿ ಕೂರುವ ಅನಘಾ ಎಂಬ ಹುಡುಗಿಯನ್ನು ಕೇಳಿದಾಗ, ವಚನಾ ಡೆಸ್ಕಿನ ಕೆಳಗೆ ಮೊಬೈಲ್ ನೋಡಿದಳೆಂದೂ, ಮುಖ ಬಿಳಚಿಕೊಂಡಿತೆಂದೂ, ಏನಾಯಿತು ಎಂದರೆ 'ಕುಸುಮಾ' ಎಂದಷ್ಟೇ ಹೇಳಿ ಬ್ಯಾಗ್ ತೆಗೆದುಕೊಂಡು ಎದ್ದು ಹೋದಳೆಂದೂ ತಿಳಿಸಿದಳು.

ನನ್ನ ಮಗಳನ್ನು ಯಾರೋ ಪುಸಲಾಯಿಸಿ ಕರೆಸಿಕೊಂಡಿದ್ದಾರೆ ಎಂದು ಭಯವಾಗಿ ನಾನು ಮಧ್ಯಾಹ್ನ ಇದೇ ಠಾಣೆಗೆ ಬಂದು ದೂರು ಕೊಟ್ಟೆ. ಮಹಿಳಾ ಪೊಲೀಸ್ ರಾಗಿಣಿ ಅವರು ದೂರು ಬರೆದುಕೊಂಡರು. ಎತ್ತರ ಎಷ್ಟೆಂದು ಕೇಳಿದಾಗ ನಾನು ನನ್ನ ಕಿವಿಯ ಹತ್ತಿರ ಕೈಯಿಟ್ಟು ತೋರಿಸಿದೆ. ಅವರು ಅಡಿ ಲೆಕ್ಕದಲ್ಲಿ ಬೇಕು ಎಂದರು. ನನಗೆ ಗೊತ್ತಿರಲಿಲ್ಲ. ಅವರು ನನ್ನನ್ನು ಗೋಡೆಗೆ ನಿಲ್ಲಿಸಿ, ನನ್ನ ಕಿವಿಯವರೆಗೆ ಅಳೆದು, ಐದು ಅಡಿ ಎಂದು ಬರೆದುಕೊಂಡರು.

ಆ ಹೊತ್ತಿನಲ್ಲಿ ವಚನಾ ಎಲ್ಲಿದ್ದಳು ಎಂಬುದನ್ನು ಅವಳಿಂದ ಆಮೇಲೆ ತಿಳಿದಂತೆ ಹೇಳುತ್ತಿದ್ದೇನೆ. ಕುಸುಮಾ ಬೆಳಿಗ್ಗೆ ಆ್ಯಪ್‌ನಲ್ಲಿ, ಇನ್ನು ಮೇಲೆ ನನ್ನಿಂದ ಯಾರಿಗೂ ನಾಚಿಕೆ ಆಗುವುದು ಬೇಡ, ಹೋಗಿಬರುತ್ತೇನೆ ಎಂದು ಹಾಕಿದ್ದಳು. ಅದನ್ನು ವಚನಾ ಒಬ್ಬಳಿಗೇ ಕಾಣುವಂತೆ ಹಾಕಿದ್ದಳು. ವಚನಾ ಮೇಲಿಂದ ಮೇಲೆ ಫೋನ್ ಮಾಡಿದರೂ ಆಕೆ ಎತ್ತಲಿಲ್ಲ. ಹೀಗೆ ಫೋನ್ ಮಾಡುತ್ತಲೇ ಚಾರ್ಜ್ ಮುಗಿದು ವಚನಾಳ ಮೊಬೈಲ್ ಆಫ್ ಆಗಿದೆ. ಕುಸುಮಾಳ ಮನೆ ಕಾಮಾಕ್ಷಿಪಾಳ್ಯದಲ್ಲಿ ಎಂಬುದು ಬಿಟ್ಟರೆ ವಿಳಾಸ ಗೊತ್ತಿರಲಿಲ್ಲ. ಆದರೆ ಆಕೆ ಕಳಿಸುತ್ತಿದ್ದ ವಾಯ್ಸ್ ಮೆಸೇಜ್‌ಗಳಲ್ಲಿ ಹಿಂದಿನಿಂದ ಯಾವಾಗಲೂ ಹಿಟ್ಟಿನ ಗಿರಣಿಯ ಸದ್ದು ಬರುತ್ತಿತ್ತಂತೆ. ವಚನಾ ಬಸ್ಸಿನಲ್ಲಿ ಕಾಮಾಕ್ಷಿಪಾಳ್ಯಕ್ಕೆ ಹೋಗಿ ಇಳಿದು, ಹಿಟ್ಟಿನ ಗಿರಣಿ ಎಲ್ಲಿದೆ ಎಂದು ಕೇಳುತ್ತಾ ಹೊರಟಿದ್ದಾಳೆ. ಅಂಗಡಿಯಲ್ಲಿ ಒಂದು ಸೋಪು ಬೇಕೆಂದು ಕೇಳಲು ಸಂಕೋಚಪಡುವ ಹುಡುಗಿ, ಸಿಕ್ಕಸಿಕ್ಕವರನ್ನು ನಿಲ್ಲಿಸಿ ದಾರಿ ಕೇಳಿದ್ದಾಳೆ. ಎರಡು ಗಿರಣಿ ನೋಡಿಯಾದ ಮೇಲೆ ಮೂರನೆಯದರ ಪಕ್ಕದ ಮನೆ ಮುಂದೆ ದೊಡ್ಡ ರಂಗೋಲಿಯೊಂದು ಅರ್ಧ ಅಳಿಸಿಹೋಗಿದ್ದು ಕಂಡು ಒಳಗೆ ಹೋಗಿದ್ದಾಳೆ.

ನಾನು ಇನ್ನೂ ಠಾಣೆಯಲ್ಲೇ ಇದ್ದಾಗ 1-50ಕ್ಕೆ ನನಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ವಚನಾ ಮಾತಾಡಿದಳು. 'ಅಮ್ಮ, ಬೈಯೋದಾದ್ರೆ ಆಮೇಲೆ ಬೈ. ಈಗ ಬಾ' ಎಂದಳು. ಎಲ್ಲಿದ್ದೀಯ ಎಂದು ಕೇಳಿದೆ. ಗಿರಣಿಯ ಗುರುತು ಹೇಳಿದಳು. ನಾನು ಮತ್ತು ರಾಗಿಣಿ ಅವರು ಆಟೋದಲ್ಲಿ ಹೊರಟು ಅರ್ಧ ಗಂಟೆಯೊಳಗೆ ಅಲ್ಲಿಗೆ ಹೋದೆವು.

ಬಾಗಿಲಲ್ಲಿ ಕುಸುಮಾಳ ಅಜ್ಜಿ ಪಾಪಮ್ಮ ಎಂಬುವರು ನಿಂತಿದ್ದರು. ಫೋನ್ ಅವರದೇ. 'ಮೊಮ್ಮಗಳು ಮಲಗವ್ಳೆ ಅಂದ್ಕೊಂಡಿದ್ದೆ ಕಣವ್ವ, ನಿನ್ ಮಗಳು ಬಂದು ಬಾಗ್ಲು ಬಡಿಯೋಗಂಟ ನಂಗೊಂದೂ ಗೊತ್ತಿಲ್ಲ' ಎಂದು ನನ್ನ ಕೈ ಹಿಡಿದುಕೊಂಡರು. ಮಹಡಿಯ ಮೇಲೆ ಒಂದು ರೂಮು, ಒಳಗಿನಿಂದ ಚಿಲಕ ಹಾಕಿತ್ತು. ಹೊರಗೆ ವಚನಾ ನೆಲದ ಮೇಲೆ ಕುಳಿತು, ಬಾಗಿಲಿಗೆ ಕೆನ್ನೆಯಿಟ್ಟು ಮಾತಾಡುತ್ತಿದ್ದಳು. ನಮ್ಮ ಮನೆಯ ಮಿಕ್ಸಿ ಕೆಟ್ಟಿದ್ದು, ಅವರಪ್ಪ ಗೊರಕೆ ಹೊಡೆಯುವುದು, ಏನೇನೋ. ಅವಳು ಒಂದೇ ಸಮನೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಈ ಮೊದಲು ಕೇಳಿಲ್ಲ. ಮಾತಾಡಿ ಮಾತಾಡಿ ಅವಳ ದನಿ ಒಡೆದಿತ್ತು. ನನ್ನನ್ನು ನೋಡಿ ಬಾಯಿ ಮೇಲೆ ಬೆರಳಿಟ್ಟು, ಬಾಗಿಲು ಮುರಿಯುವುದು ಬೇಡ, ಆಗಾಗ ಉತ್ತರ ಕೊಡುತ್ತಿದ್ದಾಳೆ ಎಂದು ಪಿಸುಗುಟ್ಟಿದಳು. ರಾಗಿಣಿ ಅವರು ಬೂಟು ಕಳಚಿ ಕಿಟಕಿಯ ಹತ್ತಿರ ಹೋಗಿ ನೋಡಿ, ಹುಡುಗಿ ಮಂಚದ ಮೇಲೆ ಕುಳಿತಿದ್ದಾಳೆ ಎಂದು ಮೆಲ್ಲಗೆ ಹೇಳಿದರು.

ನಾನು ವಚನಾಳ ಪಕ್ಕದಲ್ಲಿ ಕುಳಿತೆ. ಬಾಗಿಲಿಗೆ ಮುಖ ಮಾಡಿ, 'ನಾನು ವಚನಾ ಅಮ್ಮ ಕಣಮ್ಮ. ಅವಳು ಬೆಳಿಗ್ಗೆಯಿಂದ ಏನೂ ತಿಂದಿಲ್ಲ' ಎಂದೆ.

ಒಳಗಿನಿಂದ, 'ವಚ್ಚು, ತಿಂದಿಲ್ವಾ? ಹೊಟ್ಟೆ ಖಾಲಿ ಬಿಟ್ರೆ ತಲೆನೋವು ಬರುತ್ತೆ ಅಲ್ವೇನೇ ನಿಂಗೆ' ಎಂದು ಕೇಳಿಸಿತು. 'ಬಂದಿದೆ ಕಣೇ, ಜೋರಾಗೇ ಬಂದಿದೆ' ಎಂದು ವಚನಾ ಹೇಳಿದಳು. ಚಿಲಕ ತೆಗೆದ ಸದ್ದಾಯಿತು.

ಕುಸುಮಾ, 18 ವರ್ಷ, ಬಿ.ಕಾಂ. ಮೊದಲ ವರ್ಷದ ಹುಡುಗಿ, ಬಾಗಿಲಲ್ಲಿ ನಿಂತಿದ್ದಳು. ಆಕೆ ತನಗೆ ಏನೂ ಮಾಡಿಕೊಂಡಿರಲಿಲ್ಲ. ವಚನಾಳನ್ನು ಮೇಲಿನಿಂದ ಕೆಳಗೆ ನೋಡಿ, 'ಇಷ್ಟು ಕುಳ್ಳಗಿದೀಯಾ ನೀನು' ಎಂದಳು. ಅಷ್ಟು ಹೊತ್ತು ಮಾತಾಡಿದ ನನ್ನ ಮಗಳು ಈಗ ಆಕೆಯ ದುಪಟ್ಟಾದ ತುದಿ ಹಿಡಿದುಕೊಂಡು ನಿಂತುಬಿಟ್ಟಳು. ಪಾಪಮ್ಮನವರು ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಅನ್ನ ಸಾರು ಕಲಸಿ ತಂದರು.

ರಾಗಿಣಿ ಅವರು ವಿಚಾರಿಸಿದಾಗ ಕುಸುಮಾ ಹೇಳಿದ್ದೇನೆಂದರೆ, ಯಾರೋ ಆಕೆಯ ಕಾಲೇಜಿನ ಸಮಾರಂಭದ ಫೋಟೋದಿಂದ ಮುಖ ತೆಗೆದು ಬೇರೆ ಮೈಗೆ ಜೋಡಿಸಿ, ಆಕೆಯ ಹೆಸರಿನಲ್ಲೇ ಇನ್ನೊಂದು ಖಾತೆ ತೆರೆದು, ಗೊತ್ತಿರುವವರಿಗೆಲ್ಲ ಕಳಿಸಿದ್ದಾರೆ. ಬರಬಾರದ ಮಾತುಗಳು ಬಂದಿವೆ. ಕಳೆದ ವಾರ ಅದು ನೆಂಟರೊಬ್ಬರಿಂದ ಆಕೆಯ ತಂದೆಯ ಮೊಬೈಲಿಗೂ ಹೋಗಿದೆ. ಅಂದಿನಿಂದ ತಂದೆ ಮಾತಾಡಿಸಿಲ್ಲ. ಬದುಕಿರುವುದು ಬೇಡ ಎಂದು ಅನ್ನಿಸಿದ್ದು ಅದರಿಂದ ಎಂದಳು.

ಅಷ್ಟರಲ್ಲಿ ಆಕೆಯ ತಂದೆ ಚಿಕ್ಕಣ್ಣ ಎಂಬುವರು, ಹತ್ತಿರದ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವರು, ತಮ್ಮ ತಾಯಿ ಪಾಪಮ್ಮನವರ ಫೋನ್ ಬಂದಿದ್ದರಿಂದ ಎಣ್ಣೆ ಕೈಯಲ್ಲೇ ಓಡಿ ಬಂದರು. ಆ ಫೋಟೋ ನಿಜವಾದದ್ದಲ್ಲ ಎಂದು ರಾಗಿಣಿ ಅವರು ತಿಳಿಸಿ ಹೇಳಲು ಹೋದರು. ಚಿಕ್ಕಣ್ಣನವರು, 'ಗೊತ್ತು ಮೇಡಂ. ನೋಡಿದ ತಕ್ಷಣ ಗೊತ್ತಾಯ್ತು. ನನ್ ಮಗಳು ನಂಗೆ ಗೊತ್ತಾಗಲ್ವಾ' ಎಂದರು.

ಕುಸುಮಾ ತುತ್ತು ಹಿಡಿದ ಕೈಯನ್ನು ಕೆಳಗಿಟ್ಟು, 'ಮತ್ಯಾಕಪ್ಪ ಮಾತಾಡ್ಲಿಲ್ಲ?' ಎಂದು ಕೇಳಿದಳು.

'ಆ ವಿಷ್ಯ ನಿನ್ ಮುಂದೆ ಬಾಯಲ್ಲಿ ಹೆಂಗ್ ತೆಗೀಲಿ ಅಂತ ಗೊತ್ತಾಗ್ಲಿಲ್ಲ ಮಗ' ಎಂದು ಅವರು ಬಾಗಿಲಲ್ಲೇ ಕುಳಿತುಬಿಟ್ಟರು. ಎಣ್ಣೆ ಕೈಯಾದ್ದರಿಂದ ಕಣ್ಣು ಒರೆಸಿಕೊಳ್ಳಲಾಗದೆ ತೋಳಿಗೆ ಮುಖ ಉಜ್ಜಿಕೊಳ್ಳುತ್ತಿದ್ದರು. ಕುಸುಮಾ ಎದ್ದು ಹೋಗಿ ಅವರ ಭುಜಕ್ಕೆ ಒಂದೆರಡು ಏಟು ಹೊಡೆದು, ಅಲ್ಲೇ ಅವರ ಪಕ್ಕ ಕುಳಿತಳು.

ಸಂಜೆ ರಾಗಿಣಿ ಅವರು ಕುಸುಮಾಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮನಸ್ಸಿನ ಡಾಕ್ಟರಿಗೆ ತೋರಿಸಿದರು. ನಾವೂ ಜೊತೆಯಲ್ಲಿದ್ದೆವು. ಒಬ್ಬಳೇ ಇರುವುದು ಬೇಡ, ವಾರಕ್ಕೊಮ್ಮೆ ಬರಬೇಕು ಎಂದು ಡಾಕ್ಟರು ತಿಳಿಸಿದ್ದಾರೆ. ರಾತ್ರಿ ಮನೆಗೆ ಬಂದ ಮೇಲೆ ನಾನು ವಚನಾಳಿಗೆ ಬೈಯಲು ಹೋದೆ. ನನ್ನಿಂದ ಆಗಲಿಲ್ಲ. ತಲೆಗೆ ಎಣ್ಣೆ ಹಚ್ಚಿದೆ.

ನನ್ನ ಮಗಳು ತಾನಾಗಿಯೇ ಹೋಗಿದ್ದು, ಅವಳನ್ನು ಯಾರೂ ಅಪಹರಿಸಿಲ್ಲ, ಪುಸಲಾಯಿಸಿಲ್ಲ. ಕಾಣೆಯಾದ ಬಗ್ಗೆ ನಾನು ಕೊಟ್ಟ ದೂರನ್ನು ಮುಕ್ತಾಯಗೊಳಿಸಬೇಕೆಂದು ಕೋರುತ್ತೇನೆ.

ನಕಲಿ ಖಾತೆಯ ಬಗ್ಗೆ ಕುಸುಮಾ ತಾನೇ ದೂರು ಕೊಡಲು ತಂದೆಯ ಜೊತೆ ಬಂದು, ವಚನಾಳೊಂದಿಗೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಳೆ. ಈಗ ತಾನೇ ಬಾಗಿಲಿಗೆ ಬಂದು, 'ಆಂಟಿ, ಅಪ್ಪನ ಮುಂದೆ ಅದೆಲ್ಲ ಹೇಳೋಕಾಗಲ್ಲ. ನಾನು ಹೇಳುವಾಗ ನೀವು ಪಕ್ಕದಲ್ಲಿ ಕೂತ್ಕೋತೀರಾ?' ಎಂದು ಕೇಳಿದಳು. ಕೂರುತ್ತೇನೆ ಎಂದಿದ್ದೇನೆ. ಆದ್ದರಿಂದ ನನ್ನ ಹೇಳಿಕೆಯನ್ನು ಇಲ್ಲಿಗೆ ಮುಗಿಸಿ, ಆಕೆಗೆ ಈ ಕುರ್ಚಿ ಬಿಟ್ಟು ಪಕ್ಕದ ಕುರ್ಚಿಗೆ ಸರಿಯುತ್ತಿದ್ದೇನೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡಂತೆ, ಕೇಳಿದಂತೆ ಎಲ್ಲವೂ ಸತ್ಯವಾಗಿದೆ.

ಸ್ಥಳ: ಬೆಂಗಳೂರು
ದಿನಾಂಕ: 19-11-2025
ಸಹಿ: ಭುವನೇಶ್ವರಿ