ಈನಸ್‌ನ ಹಸುಗಳು

ಲಾಟೀನು ಸಣ್ಣ ಮಾಡಿ... ಹಾಂ, ಸಾಕು. ಇದು ನಮ್ಮ ದೊಡ್ಡಪ್ಪನ ಮಗ ಯುರಾಯಸ್‌ಗೆ ಆದದ್ದು. ಮಾತಿನ ಮಲ್ಲ ಅವನು. ಅವನ ಮೇಲೆ ನನಗೆ ಮೊದಲಿಂದಲೂ ಗುಮಾನಿ, ಅದನ್ನೂ ಹೇಳಿಬಿಡ್ತೀನಿ.

ನಮ್ಮ ಮೆನೊನೈಟ್ ಕ್ರೈಸ್ತರಲ್ಲಿ ಸಭೆಯ ಬೋಧಕನನ್ನು ಆರಿಸೋದು ಚೀಟಿ ಎತ್ತಿ. ಆ ವರ್ಷ ಆರು ಜನರ ಹೆಸರು ಬಂತು, ಯುರಾಯಸ್ ಮತ್ತೆ ಹಸು ಸಾಕೋ ಈನಸ್ ಇಬ್ಬರದೂ ಇತ್ತು. ಮೇಜಿನ ಮೇಲೆ ಆರು ಹಾಡಿನ ಪುಸ್ತಕ, ಒಂದರೊಳಗೆ ಮಾತ್ರ ಚೀಟಿ. ಸಿಕ್ಕವನು ಸಾಯೋವರೆಗೂ ಬೋಧಕ. ಸಂಬಳ ಇಲ್ಲ, ಒಲ್ಲೆ ಅನ್ನೋ ಹಾಗೂ ಇಲ್ಲ.

ಯುರಾಯಸ್ ಕೈ ಮೂರನೇ ಪುಸ್ತಕದ ಮೇಲೆ ಹೋಯ್ತು... ನಿಂತಿತು... ಪಕ್ಕದ್ದನ್ನು ಎತ್ತಿತು. ನಾನು ಮುಂದಿನ ಬೆಂಚಲ್ಲೇ ಇದ್ದೆ. ಮೂರನೆಯದು ಅವನ ಹಿಂದೆ ಬಂದ ಈನಸ್ ಪಾಲಾಯ್ತು. ಚೀಟಿ ಅದರಲ್ಲೇ ಇತ್ತು.

ಪಾಪ ಈನಸ್, ಬಾಯಿ ತೆರೆದರೆ ತೊದಲು! ಪ್ರತಿ ಭಾನುವಾರ ನಿಂತು ಬೆವರೋನು. ವಾರವೆಲ್ಲ ಸಾವಿನ ಮನೆ, ಜಗಳದ ಮನೆ. ಹಾಲು ಕರೆಯೋರಿಲ್ಲದೆ ಹಸುಗಳು ಕೊಟ್ಟಿಗೆಯಲ್ಲಿ ಕೂಗೋವು. ಎರಡೇ ವರ್ಷಕ್ಕೆ ಎದೆ ನಿಂತುಹೋಯ್ತು.

ಮಣ್ಣು ಮಾಡಿ, ಸಾವಿನ ಊಟದ ಒಣದ್ರಾಕ್ಷಿ ಪೈ ತಿಂದು, ಎಲ್ಲರೂ ಮನೆಗೆ ಹೋದೆವು. ಯುರಾಯಸ್ ಮಾತ್ರ ಈನಸ್‌ನ ಹಸುಗಳ ಹಾಲು ಕರೆಯೋಕೆ ನಿಂತ. ಒಂದೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಒದೆಸಿಕೊಂಡು, ಕುಂಟಿಕೊಂಡು ಕತ್ತಲಲ್ಲಿ ಹೊರಟ.

ನಾವು ಪ್ರಾರ್ಥನೆಗೆ ಸೇರೋ ಸಭೆಮನೆ ಹತ್ತಿರ, ಮೇಪಲ್ ಮರದಡಿಯ ಕೈಪಂಪು... ಕಿರ್ರ್... ಕಿರ್ರ್... ಗಾಳಿ ಇರಲಿಲ್ಲ, ಪಂಪಿನ ಹತ್ತಿರ ಯಾರೂ ಇರಲಿಲ್ಲ. ಒಳಗೆ, ಟಪ್. ಮೇಜಿನ ಮೇಲೆ ಪುಸ್ತಕ ಇಟ್ಟ ಸದ್ದು. ಟಪ್... ಟಪ್... ಐದು. ಆರನೆಯದು ಇಡಲಿಲ್ಲ.

"ಯಾರು?"

"ನಾ... ನಾನೇ ಕಣೋ."

"ಈನಸಣ್ಣ?"

"ಅ... ಅವತ್ತು ನಿಂಗೆ ಗೊತ್ತಿತ್ತಾ?"

"ಪುಸ್ತಕ ಸ್ವಲ್ಪ ಉಬ್ಬಿತ್ತಣ್ಣ... ಹೆದರಿಬಿಟ್ಟೆ."

"ಹಾಗಾದ್ರೆ... ಈ... ಈಗ ಎತ್ಕೋ."

ಟಪ್.

ಬೆಳಗಾಗೋ ಮುಂಚೆ ನನ್ನ ಬಾಗಿಲು ಬಡಿದು ಇಷ್ಟನ್ನೂ ಹೇಳಿದ. "ದೇವರಿಗೇ ಟೋಪಿ ಹಾಕಿದೋನು, ದೆವ್ವಕ್ಕೆ ಹೆದರ್ತೀಯೇನೋ?" ಅಂದೆ. ಅಂದೆನೇ ಹೊರತು ಮೊದಲು ಹೋಗಿ ಬಾಗಿಲಿಗೆ ಚಿಲಕ ಹಾಕಿದ್ದು ನಾನೇ.

ಮತ್ತೆ ಚೀಟಿ ಹಾಕಿದರು. ಈ ಸಲ ಅವನ ಕೈ ಎಲ್ಲೂ ನಿಲ್ಲಲಿಲ್ಲ. ಎತ್ತಿದ್ದರಲ್ಲೇ ಚೀಟಿ. ಅವನೇ ಈಗ ನಮ್ಮ ಬೋಧಕ.

ಮೊದಲ ಭಾನುವಾರ ನಿಂತ... ತೊದಲಿದ. ಇವತ್ತಿಗೂ ತೊದಲ್ತಾನೆ. ನಾಟಕ ಅಂತ ನನಗೆ ಅನುಮಾನ. ಅದಕ್ಕೇ ಅವನು ಹಾಲು ಕರೆಯೋಕೆ ಹೋದ ಒಂದು ಸಂಜೆ ಈನಸ್‌ನ ಬೇಲಿ ಹಿಂದೆ ಕೂತು ಕದ್ದು ಕೇಳಿದೆ. ಸುತ್ತ ನರಪಿಳ್ಳೆ ಇಲ್ಲ. ಯುರಾಯಸ್ ಹಸುಗಳನ್ನು ಕೂಗಿದ, "ಬಾ... ಬಾ... ಬಾರೇ..." ಥೇಟ್ ಈನಸ್‌ನ ತೊದಲು.

ನನ್ನಾಣೆ, ಸುಳ್ಳಲ್ಲ. ಒದೀತಿದ್ದ ಹಸುಗಳು ಒಂದೊಂದಾಗಿ ತಲೆ ಎತ್ತಿ, ಸಾಲಾಗಿ ಬಂದು ಅವನ ಕೈ ನೆಕ್ಕಿದವು.