ನಡುವೆ ಬಿಟ್ಟ ಹಂತ

ಇಲ್ರಿ ಅತ್ತಿ, ರೊಟ್ಟಿ ಒಳಗ ಒಯ್ಯಾಕ ಬಿಡಂಗಿಲ್ಲ. ಅದು ಲ್ಯಾಬು... ನಗಬ್ಯಾಡ್ರಿ. ಯಾರಿಗೆ ತಿನ್ನಿಸ್ತೀರಿ? ಅಲ್ಲಿ ಬಾಯಿ ಇಲ್ಲ, ಹೊಟ್ಟಿ ಇಲ್ಲ. ರಕ್ತದ ಕೋಶ, ಬರೇ ಕೋಶ. ಕಣ್ಣಿಗೆ ಸೈತ ಕಾಣಂಗಿಲ್ಲ.

ಕುಂದರ್ರಿ. ಹೈದರಾಬಾದ್ ಬಸ್ಸು ಇನ್ನಾ ಬಂದಿಲ್ಲ. ಅಗೋ, ನಮ್ಮ ದೇವದುರ್ಗದ ಬಸ್ಸು ನಿಂತದ. ರಾಯಚೂರು ತನಕ ಬಂದದ್ದು ಸಾಕು, ಹೊಳ್ಳಿ ಹೋಗೂಣೇನು?... ಬ್ಯಾಡ? ಆತು ಬಿಡ್ರಿ. ಓಣಿ ತುಂಬ ಹೇಳಿ ಬಂದೀರಲ್ಲ, ನನ್ನ ಮಗ ಅಂಬರೇಶನ್ನ ನೋಡಾಕ ಹೊಂಟೀನಿ ಅಂತ! ಸತ್ತು ವರ್ಷಾತು, ಇನ್ನೆಲ್ಲಿ ಅಂಬರೇಶ ಅಂತ ನಿಮ್ಮ ಮೈದುನ ಯಮನೂರಪ್ಪ ಕೇಳಿದ್ದಕ್ಕ ಏನಂದ್ರಿ? "ನನ್ನ ಸೊಸಿ ಸೈನ್ಸ್ ಟೀಚರು. ಅನ್ನಪೂರ್ಣ ಸುಳ್ಳು ಹೇಳಂಗಿಲ್ಲ. ಅವನ ರಕ್ತ ಇನ್ನಾ ಜೀವಂತ ಅದ." ವರ್ಷದ ಎಡಿ ಸೈತ ಇಡಗೊಡಲಿಲ್ಲ ನೀವು. ಜೀವ ಇದ್ದೋರಿಗೆ ಯಾರರೆ ಎಡಿ ಇಡ್ತಾರೇನು ಅಂದ್ರಿ.

ನಾ ಹೇಳಿದ್ದು ಖರೆ. ಹೇಳಿದ ದಿನ ಜೀವಂತ ಇದ್ದವು. ದವಾಖಾನ್ಯಾಗ ರಕ್ತ ತಗೊಂಡು, ಸಣ್ಣ ಸೀಸೆಗಳಿಗೆ ಹಾಕಿ, ಹೈದರಾಬಾದ್ ಲ್ಯಾಬಿನಾಗ ಥಂಡ್ಯಾಗ ಇಟ್ಟಿದ್ರು.

ಅದನ್ನ ಏನ್ ಮಾಡ್ತಾರ? ಹೇಳ್ತೀನಿ ಕೇಳ್ರಿ.

ಹಿಂದಕ್ಕ ಕೋಶ ಎಲ್ಲಾ ಒಟ್ಟಿಗೆ ಕೂಡಿಸಿ ನೋಡ್ತಿದ್ರು. ಅದು ಕ್ಲಾಸಿನ ಸರಾಸರಿ ಮಾರ್ಕ್ಸ್ ನೋಡಿದಂಗ. ಕ್ಲಾಸು ಪಾಸಾತು ಅನ್ನಿಸ್ತದ. ಮೂಲ್ಯಾಗ ಕುಂತು ಫೇಲಾದಾಕಿ ಯಾರು, ಗೊತ್ತಾಗಂಗಿಲ್ಲ. ನಿಮ್ಮ ಮಗನ ಕ್ಯಾನ್ಸರಿನಾಗ ಭಾಳ ಕೋಶಕ್ಕ ಔಷಧಿ ಹತ್ತಿತು, ಕೆಲವಕ್ಕ ಹತ್ತಲಿಲ್ಲ. ಯಾವುಕ್ಕ? ಯಾಕ? ಅದು ತಿಳೀಬೇಕಂದ್ರ ಒಂದೊಂದೇ ಕೋಶ ಬ್ಯಾರೆ ಮಾಡಿ, ಅದರಾಗಿನ ಪ್ರೋಟೀನು ಬಿಡಿಸಿ ನೋಡಬೇಕು.

ಗಾಜಿನ ಪಟ್ಟಿ ಮ್ಯಾಲ ಜೆಲ್ ಅಂತ ತೆಳ್ಳಗ ಹಚ್ಚಿರ್ತಾರ. ಸಬ್ಬಕ್ಕಿ ಪಾಯಸ ಆರಿ ಗಟ್ಟಿ ಆಗ್ತದಲ್ಲ, ಹಂಗ. ಅದರಾಗ ಕೂದಲಿಗಿಂತ ಸಣ್ಣ ಕುಣಿ. ಒಂದೊಂದು ಕುಣ್ಯಾಗ ಒಂದೊಂದು ಕೋಶ... ಯಾಕ ಮಾರಿ ಹಂಗ ಮಾಡಿದ್ರಿ? ಮಣ್ಣು ಮಾಡಿದ್ದು ನೆನಪಾತೇನು? ಆತು, ಕುಣಿ ಅನ್ನಂಗಿಲ್ಲ. ತೆಗ್ಗು ಅನ್ನೂಣು.

ಆಮ್ಯಾಲ ಕರೆಂಟು ಕೊಡ್ತಾರ. ಪ್ರೋಟೀನು ಜೆಲ್ಲಿನೊಳಗ ಓಡಾಕ ಹತ್ತಾವ. ಈ ಗದ್ಲದಾಗ ನೋಡ್ರಿ, ಸಣ್ಣ ಹುಡುಗ್ರು ಸಂದ್ಯಾಗ ತೂರಿ ಮುಂದ ಹೋಗಿಬಿಡ್ತಾವ. ಗಂಟು ಹೊತ್ತ ನೀವು ಹಿಂದ. ಹಂಗ, ಸಣ್ಣ ಪ್ರೋಟೀನು ಮುಂದ, ದೊಡ್ಡದು ಹಿಂದ. ಆವಾಗ ಒಂದು ಬೆಳಕು ಬಿಡ್ತಾರ. ಎಲ್ಲಿದ್ದವೋ ಅಲ್ಲೇ ಗೆರಿ ಎಳದಂಗ ಅಂಟಿಕೊಂಡು ನಿಲ್ತಾವ. ಯಾವುದು ಎಷ್ಟು ದೂರ ಹೋಗ್ಯದ ಅಂತ ನೋಡೋದು. ಮುಗೀತು. ಇಷ್ಟೇ.

ಏನು?... ಕೋಶದಿಂದ ಹೊರಗ ಹ್ಯಾಂಗ ಬರ್ತಾವ ಅಂದ್ರ?

ಬರ್ತಾವ ಅತ್ತಿ. ಕರೆಂಟಿಗೆ... ಇಲ್ಲ, ಕರೆಂಟಿಗೆ ಅಲ್ಲ. ನಡುವ ಒಂದು ನೀರು ಹಾಕ್ತಾರ. ಸಾಬೂನಿನಂಥ ನೀರು. ತೊಳ್ಯಾಕ. ಹೂಂ, ತೊಳ್ಯಾಕ ಅಷ್ಟೇ. ಕೋಶದ ಸುತ್ತ ತೆಳ್ಳಾನ ಪದರು ಇರ್ತದ, ಎಣ್ಣಿ ಜಿಡ್ಡಿನಂಥದ್ದು, ಅದಕ್ಕ... ಯಾಕ ಹಂಗ ನೋಡ್ತೀರಿ? ಸಾಬೂನು ಜಿಡ್ಡಿಗೆ ಏನ್ ಮಾಡ್ತದ ಅಂತ ನನ್ನೇನು ಕೇಳ್ತೀರಿ, ದಿನಾ ಭಾಂಡೆ ತಿಕ್ಕೋರು ನೀವು...

ಗುಲ್ಫಶಾ ಅಂತ ಒಬ್ಬಾಕಿ, ಮಾನ್ವಿ ಹುಡುಗಿ, ಅಲ್ಲಿ ಇದೇ ಕೆಲಸ ಮಾಡ್ತಾಳ. ಭಾಳ ಒಳ್ಳೇಕಿ. ಫೋನ್ ಮಾಡಿದ್ಲು. ಗೆರಿ ಚಂದ ಬಂದಾವ ಟೀಚರ್, ಮುಂದಿನೋರಿಗೆ ಉಪಯೋಗ ಆಗ್ತದ ಅಂದ್ಲು. ಫೋಟೋ ಅದ, ತೋರಿಸ್ತಾಳ. ಕಡೀ ಸೀಸೆನೂ ಮುಗೀತು ಅಂತ... ಅಂದ್ರ, ಕೆಲಸ ಮುಗೀತು ಅಂತ.

ಅಗೋ, ಬಂತು ಬಸ್ಸು. ಹೈದರಾಬಾದ್ ಹೈದರಾಬಾದ್ ಅಂತ ಒದರಾಕತ್ತಾನ. ಏಳ್ರಿ ಅತ್ತಿ. ಮುಂಜಾನಿಂದ ನೀವೇ ಅವಸರ ಮಾಡಿದ್ರಿ... ಕಿಟಕಿ ಸೀಟು ಸಿಗ್ತದ, ಏಳ್ರಿ.

ಯಾಕ ಏಳವಲ್ರಿ?

ಅತ್ತಿ... ಬೈಯ್ರಿ ಬೇಕಾದ್ರ. ಏನರೆ ಅನ್ರಿ.

ಹೌದ್ರಿ. ಒಂದು ಕೋಶನೂ ಉಳಿದಿಲ್ಲ.